ನೇಕಾರ ಅಮಾತೆಪ್ಪ ಬೀಡಿ ಬಿಟ್ಟದ್ದು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಅಮಾತೆಪ್ಪ ಎಲ್ಲಿರುತ್ತಾನೆಂದು ಕೇಳಿದರೆ ಜನ ಕೈ ಮಾಡಿ ತೋರಿಸುತ್ತಿರಲಿಲ್ಲ. "ಒಂದೀಟು ಸುಮ್ನ ನಿಂದರ್ರಿ. ಕೆಮ್ಮು ಕೇಳಸ್ತೈತಿ, ಅದರ ಬೆನ್ನ ಹತ್ತಿ ಹೋಗ್ರಿ" ಎನ್ನುತ್ತಿದ್ದರು. ಚೇಷ್ಟೆಗೆ ಹುಟ್ಟಿದ ಮಾತು ಅದು. ಆದರೆ ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಹಾಗೆ ಹೇಳುವವರೂ ನಗುವುದನ್ನು ಬಿಟ್ಟಿದ್ದರು.

ಅಮಾತೆಪ್ಪನಿಗೆ ಆಗಷ್ಟೇ ನಲವತ್ತು ದಾಟಿತ್ತು. ನೋಡಿದವರು ಅದರ ಮೇಲೆ ಇನ್ನೂ ಹದಿನೈದು ಕೂಡಿಸಿಯೇ ಎಣಿಸುತ್ತಿದ್ದರು. ಸಾವಕಾರರ ಶೆಡ್ಡಿನಲ್ಲಿ ಸಾಲಾಗಿ ಹೂಡಿದ ಕುಣಿಮಗ್ಗಗಳಲ್ಲಿ ಕಿಟಕಿಯ ಪಕ್ಕದ್ದು ಅವನದು. ಮೀಸೆ ಮೂಡುವ ಮೊದಲೇ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವನು, ಮದುವೆಯಾಗಿ ಮಕ್ಕಳಾಗಿ, ಹಿರಿಮಗಳು ಶಿವಬಸವ್ವನನ್ನು ಬಾದಾಮಿಗೆ ಕೊಟ್ಟ ಮೇಲೂ ಅಲ್ಲೇ ಕೂತಿದ್ದ. ಪಕ್ಕದ ಮಗ್ಗ ಅಹ್ಮದಸಾಬನದು. ಇಬ್ಬರೂ ಒಂದೇ ಬೇಸಿಗೆಯಲ್ಲಿ ಕೆಲಸಕ್ಕೆ ಸೇರಿದವರು, ಒಂದೇ ಮಧ್ಯಾಹ್ನ ಬೀಡಿ ಕಲಿತವರು. ರೇಷ್ಮೆಯ ಹತ್ತಿರ ಕಿಡಿ ಕೂಡದೆಂದು ಶೆಡ್ಡಿನೊಳಗೆ ಸೇದಲು ಬಿಡುತ್ತಿರಲಿಲ್ಲ. ಹಾಗಾಗಿ ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂಡುವುದು. ಅಹ್ಮದಸಾಬ ಕಡ್ಡಿ ಗೀರಿ, ಅದೇ ಉರಿಯಲ್ಲಿ ಇಬ್ಬರ ಬೀಡಿಯನ್ನೂ ಹಚ್ಚುತ್ತಿದ್ದ. ಅಲ್ಲಿ ಅವರು ಮಾತಾಡುತ್ತಿದ್ದದ್ದು ಕಡಿಮೆ. ಹೊಗೆ ಬಿಡುವುದೇ ಒಂದು ಮಾತು ಎಂಬಂತೆ ಇಬ್ಬರೂ ಓಣಿಯ ಕಡೆ ನೋಡುತ್ತ ಕೂತಿರುತ್ತಿದ್ದರು.

ಆ ವರ್ಷ ದೀಪಾವಳಿಗೆ ಮುಂಚೆ ಅಮಾತೆಪ್ಪನ ಮಗ್ಗದ ಮೇಲೆ ಒಂದು ಮದುವೆಯ ಸೀರೆ ಇತ್ತು. ಅಪ್ಪಟ ರೇಷ್ಮೆ, ದಾಳಿಂಬೆ ಬಣ್ಣದ ಒಡಲು. ಊಟವಾದ ಮೇಲೆ ನೇಯುತ್ತ ಕೂತಿದ್ದಾಗ ಕೆಮ್ಮು ಬಂತು. ದಿನಾ ಬರುವಂತೆ ಬಂದು ಹೋಗುತ್ತದೆಂದು ಅವನು ಲಾಳಿಯನ್ನು ಕೈಯಲ್ಲಿ ಹಿಡಿದೇ ಕಾದ. ಅದು ಹೋಗಲಿಲ್ಲ. ಎದೆಯೊಳಗಿನಿಂದ ಯಾರೋ ಹಗ್ಗ ಎಳೆದಂತೆ ಮೈಯೆಲ್ಲ ಮುಂದಕ್ಕೆ ಬಾಗಿತು, ಕಣ್ಣು ಕತ್ತಲಿಟ್ಟಿತು, ಬಿಗಿದು ಕಟ್ಟಿದ ಹಾಸಿನ ಎಳೆಗಳ ಮೇಲೆ ಅವನು ಮುಖ ಅಡಿಯಾಗಿ ಬಿದ್ದ. ಎಳೆಗಳು ಹರಿದ ಸದ್ದು ಇಡೀ ಶೆಡ್ಡಿಗೆ ಕೇಳಿಸಿತು.

ಒಂದೊಂದಾಗಿ ಎಲ್ಲ ಮಗ್ಗಗಳೂ ನಿಂತವು. ಅಹ್ಮದಸಾಬ ಅವನನ್ನು ಎತ್ತಿ ಗೋಡೆಗೆ ಒರಗಿಸಿದ. ಲಾಳಿಗೆ ನೂಲಿನ ಕಂಡಿಕಿ ಸುತ್ತುವ ಸಿದ್ದವ್ವ ನೀರು ತಂದಳು. ಶೆಡ್ಡಿನ ಹಿರಿಯ ನೇಕಾರ ಬಸಯ್ಯ ಬಂದು, ಹರಿದ ಹಾಸನ್ನು ಒಂದು ಗಳಿಗೆ ನೋಡಿ, ಅದರ ಮುಂದೆ ಕೂತು ಎಳೆ ಕೂಡಿಸತೊಡಗಿದ. ಅವನನ್ನು ನೋಡಿ ಇನ್ನಿಬ್ಬರು ಬಂದರು. ಅಹ್ಮದಸಾಬನೂ ಕೂತ. ಕೂದಲಿನಷ್ಟು ಸಣ್ಣ ಎಳೆಗಳನ್ನು ಹುಡುಕಿ, ಹೊಸೆದು, ಗಂಟು ಕಾಣದಂತೆ ಕೂಡಿಸುತ್ತ ಹೊತ್ತು ಮುಳುಗಿತು. ತಮ್ಮ ತಮ್ಮ ಅರ್ಧ ದಿನದ ನೇಯ್ಗೆ ಹೋಯಿತೆಂದು ಯಾರೂ ಬಾಯಿ ಬಿಡಲಿಲ್ಲ. ಬೈದಿದ್ದರೆ ಅಮಾತೆಪ್ಪನಿಗೆ ಹಗುರಾಗುತ್ತಿತ್ತು. ಗೋಡೆಗೆ ಒರಗಿ ಅವರ ಬಾಗಿದ ಬೆನ್ನುಗಳನ್ನು ನೋಡುತ್ತ ಅವನು ಕೂತೇ ಇದ್ದ.

ಸಂಜೆ ಸಾವಕಾರ ಬಂದವನು ಸೀರೆ ನೋಡಲಿಲ್ಲ, ಇವನ ಮುಖ ನೋಡಿದ. "ಬಾಗಲಕೋಟಿಗೆ ಹೋಗಿ ಎದಿ ಫೋಟೋ ತೆಗಿಸ್ಕೊಂಡು ಬಾ. ಅಲ್ಲೀತನ ಮಗ್ಗಕ್ಕ ಬರಬ್ಯಾಡ" ಎಂದ.

ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಕ್ಷಯ. ನೇಕಾರರ ಓಣಿಯಲ್ಲಿ ಆ ಶಬ್ದವನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಹೆಂಡತಿ ಗುರುಲಿಂಗವ್ವ ರೊಟ್ಟಿ ಬುತ್ತಿ ಕಟ್ಟುವಾಗಲೂ ಅದನ್ನು ಆಡಲಿಲ್ಲ. "ಅಹ್ಮದಣ್ಣನ್ನ ಕರ್ಕೊಂಡು ಹೋಗ್ರಿ. ಒಬ್ರ ಹೋಗಬ್ಯಾಡ್ರಿ" ಎಂದಳು ಅಷ್ಟೆ. ಕರೆಯಬೇಕಾಗಲಿಲ್ಲ. ಅಹ್ಮದಸಾಬ ಬೆಳಗಿನ ಬಸ್ಸಿಗೆ ಮೊದಲೇ ಬಂದು ನಿಲ್ದಾಣದಲ್ಲಿ ನಿಂತಿದ್ದ.

ಬಾಗಲಕೋಟೆಯ ದವಾಖಾನೆಯಲ್ಲಿ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಡಾಕ್ಟರರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದಲ್ಲೂ ನಿದ್ದೆಗೆಟ್ಟ ಕಳೆ ಇತ್ತು.

"ಟೀಬಿ ಅಲ್ಲ."

ಅಹ್ಮದಸಾಬ "ಯಾ ಅಲ್ಲಾ" ಎಂದು ಉಸಿರುಬಿಟ್ಟ.

"ಖುಷಿ ಪಡಬ್ಯಾಡ್ರಿ. ಪುಪ್ಪುಸ ಪೂರಾ ದಣದಾವು. ದಿನಕ್ಕ ಎಷ್ಟು ಬೀಡಿ?"

ಅಮಾತೆಪ್ಪ ಗೆಳೆಯನ ಮುಖ ನೋಡಿದ. ಲೆಕ್ಕ ಇಟ್ಟವರು ಯಾರು?

"ಬಿಟ್ರ ಇದ್ದದ್ದು ಉಳೀತೈತಿ. ಬಿಡಲಿಲ್ಲಂದ್ರ ಇನ್ನ ನಾಕೈದು ವರ್ಷಕ್ಕ ಕುಂತಲ್ಲೇ ಉಸರು ಸಿಗಂಗಿಲ್ಲ. ದಿನಾ ಹೇಳ್ತೇನಿ ನಾ ಇದನ್ನ. ಹೂಂ ಅಂತಾರ, ಹೊರಗ ಹೋಗಿ ಹಚ್ಚತಾರ." ಡಾಕ್ಟರರು ಚೀಟಿ ಬರೆದು ಮುಂದಿನವರನ್ನು ಕರೆದರು.

ಮರಳುವಾಗ ಬಸ್ಸು ಕಮತಗಿ ದಾಟಿ ಅಮೀನಗಡದಲ್ಲಿ ನಿಂತಿತು. ಅಹ್ಮದಸಾಬ ಇಳಿದು ಎರಡೂ ಮನೆಗೆ ಕರದಂಟು ಕಟ್ಟಿಸಿಕೊಂಡ. ಟೀಬಿ ಇಲ್ಲವೆಂಬ ಸುದ್ದಿಗೆ ಏನಾದರೂ ಸಿಹಿ ಬೇಡವೆ? ಆಮೇಲೆ ಅಂಗಡಿಯ ಕಟ್ಟೆಯ ಮೇಲೆ ಕೂತು, ತನಗೇ ತಿಳಿಯದಂತೆ ಎರಡು ಬೀಡಿ ತೆಗೆದು, ಒಂದೇ ಕಡ್ಡಿಯಲ್ಲಿ ಹಚ್ಚಿ, ಒಂದನ್ನು ಪಕ್ಕಕ್ಕೆ ಚಾಚಿದ. ಅಮಾತೆಪ್ಪನ ಕೈ ತಾನಾಗಿ ಹೋಗಿ ತೆಗೆದುಕೊಂಡಿತು. ಎರಡು ಸಲ ಎಳೆದ ಮೇಲೆ ಇಬ್ಬರಿಗೂ ನೆನಪಾಯಿತು. ಒಬ್ಬರ ಮುಖ ಒಬ್ಬರು ನೋಡಿ ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಆದರೂ ಬೀಡಿಯನ್ನು ಕೊನೆಯವರೆಗೂ ಸೇದಿಯೇ ಬಸ್ಸು ಹತ್ತಿದರು.

ಮನೆಯಲ್ಲಿ ಅಮಾತೆಪ್ಪ "ಟೀಬಿ ಇಲ್ಲಂತ" ಎಂದಷ್ಟೇ ಹೇಳಿದ. ಗುರುಲಿಂಗವ್ವ ದೇವರ ಜಗಲಿಯ ಮುಂದೆ ಕೂತು ಸೆರಗು ಮುಚ್ಚಿಕೊಂಡು ಅತ್ತಳು. ಉಳಿದರ್ಧವನ್ನು ಮರುದಿನ ಶೆಡ್ಡಿನಲ್ಲಿ ಎಲ್ಲರ ಮುಂದೆ ಹೇಳಿದವನು ಅಹ್ಮದಸಾಬ. ಹೇಳಿ, "ನಾನೂ ಅವನ ಜೋಡಿ ಬಿಡ್ತೇನಿ" ಎಂದೂ ಸೇರಿಸಿದ.

ಬಸಯ್ಯ ಶಿಸ್ತಿನ ಮನುಷ್ಯ. ಲಿಂಗಪೂಜೆ ಮುಗಿಸದೆ ನೀರು ಮುಟ್ಟದವನು, ಚಟ ಎಂಬುದೇ ಇಲ್ಲದವನು. ಅಂದೇ ಕಟ್ಟು ಮಾಡಿದ: ಇನ್ನು ಮುಂದೆ ಬೇವಿನ ಮರದ ಕೆಳಗೆ ಯಾರೂ ಬೀಡಿ ಹಚ್ಚಕೂಡದು. ಸೇದಬೇಕಾದವರು ರಸ್ತೆಯ ಆಚೆ ಹೋಗಬೇಕು. ಕೆಲವರು ಗೊಣಗಿದರು. "ಕೆಮ್ಮು ಅವಂದು, ಉಪವಾಸ ನಮಗ್ಯಾಕಪಾ?" ಎಂದು ಒಬ್ಬ ಕೇಳಿಯೇ ಬಿಟ್ಟ. "ಎಳಿ ಹರದದ್ದೂ ಅವಂದ ಇತ್ತು. ನೀ ಯಾಕ ಬಂದು ಕೂಡಿಸಿದಿ?" ಎಂದ ಬಸಯ್ಯ.

ಬಿಡುವುದು ಇಷ್ಟು ಕಷ್ಟವೆಂದು ಅಮಾತೆಪ್ಪನಿಗೆ ಗೊತ್ತಿರಲಿಲ್ಲ. ಮೊದಲ ದಿನಗಳಲ್ಲಿ ಲಾಳಿ ಕೈಯಲ್ಲಿ ನಿಲ್ಲಲಿಲ್ಲ. ತಲೆಯೊಳಗೆ ಜೀರುಂಡೆ ಕೂತಂತೆ ಸದ್ದು. ಹಸಿವೆಯೂ ಅಲ್ಲದ, ನಿದ್ದೆಯೂ ಅಲ್ಲದ ಒಂದು ದಣಿವು ಬೆಳಗಿನಿಂದಲೇ ಹೆಗಲ ಮೇಲೆ ಕೂತಿರುತ್ತಿತ್ತು. ಬೀಡಿ ಬಿಟ್ಟರೆ ಕೆಮ್ಮು ನಿಲ್ಲಬೇಕಲ್ಲವೆ? ಅದು ಹೆಚ್ಚಾಯಿತು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯೆಂದು ತಾಟು ತಳ್ಳಿದ. ಗುರುಲಿಂಗವ್ವ ತಾಟು ಎತ್ತಿಟ್ಟು, "ಸೇದಿ ಬರ್ರಿ ಅತ್ಲಾಗ" ಎಂದಳು. ಎಂದ ಮೇಲೆ ತನ್ನ ಮಾತಿಗೆ ತಾನೇ ಹೆದರಿ ನಾಲಗೆ ಕಚ್ಚಿಕೊಂಡಳು.

ಬಸಯ್ಯ ದಿನಾ ಬೆಳಗ್ಗೆ ಅವನ ಅಂಗಿಯ ಕಿಸೆ ಮುಟ್ಟಿ ನೋಡತೊಡಗಿದ. ಒಳ್ಳೆಯದಕ್ಕೇ ಮಾಡುತ್ತಿದ್ದ, ಆದರೆ ಮಗಳ ಮದುವೆ ಮಾಡಿದ ಗಂಡಸು ಎಲ್ಲರ ಮುಂದೆ ಕೈ ಎತ್ತಿ ನಿಲ್ಲಬೇಕಾಗುತ್ತಿತ್ತು. ಕಿಸೆ ಖಾಲಿಯೇ ಇರುತ್ತಿತ್ತು. ಬೀಡಿ ಇದ್ದದ್ದು ಶೆಡ್ಡಿನ ಆಚೆ ನೂಲು ಅದ್ದುವ ಬಣ್ಣದ ಮನೆಯ ಹಿಂದಿನ ಗೋಡೆಯ ಸಂದಿಯಲ್ಲಿ. ಅಲ್ಲಿ ಕುದಿಯುವ ಹಂಡೆಯ ಹೊಗೆಯಲ್ಲಿ ಬೀಡಿಯ ಹೊಗೆ ಯಾರಿಗೂ ತಿಳಿಯುತ್ತಿರಲಿಲ್ಲ. ನೀರು ಬಿಟ್ಟು ಬರುತ್ತೇನೆಂದು ಹೋಗಿ, ಕುಕ್ಕರಗಾಲಿನಲ್ಲಿ ಕೂತು, ನಾಲ್ಕು ದಮ್ಮು ಎಳೆದು, ಬೇವಿನೆಲೆ ಅಗಿದು ಬರುತ್ತಿದ್ದ. ಒಳಗೆ ಬಂದರೆ ಎಲ್ಲರೂ "ಭೇಷ್ ಅಮಾತೆಪ್ಪ, ಗಟ್ಟಿ ಮನಶ್ಯಾ ಬಿಡು" ಎನ್ನುತ್ತಿದ್ದರು. ಆ ಮಾತು ಕೇಳುವುದೇ ಒಂದು ದೊಡ್ಡ ದುಡಿತವಾಯಿತು.

ಒಂದು ಮಧ್ಯಾಹ್ನ ಹೀಗೆ ಕೂತಿದ್ದಾಗ ಗೋಡೆಯ ಮಗ್ಗುಲಿನಿಂದ ಸಿದ್ದವ್ವ ಬಂದಳು. ಬಣ್ಣ ಹಾಕಿದ ನೂಲಿನ ಲಡಿ ತರಲು ಬಂದವಳು. ಅಮಾತೆಪ್ಪನಿಗೆ ಬೀಡಿ ಎಸೆಯಲೂ ಆಗಲಿಲ್ಲ, ಅಡಗಿಸಲೂ ಆಗಲಿಲ್ಲ. ಅವಳು ಅವನಿಗಿಂತ ಹಿರಿಯಳು. ಗಂಡನನ್ನು ಕಳಕೊಂಡ ಮೇಲೆ ಕಂಡಿಕಿ ಸುತ್ತಿಯೇ ಮಕ್ಕಳನ್ನು ಬೆಳೆಸಿದವಳು. ಸೊಂಟದ ಸಂಚಿಯಿಂದ ತಂಬಾಕಿನ ಪುಡಿ ತಪಕೀರು ತೆಗೆದು ಹಲ್ಲಿಗೆ ತಿಕ್ಕಿಕೊಳ್ಳುತ್ತ ಅಲ್ಲೇ ಕಲ್ಲಿನ ಮೇಲೆ ಕೂತಳು.

"ಹೇಳ್ತಿಯೇನಬೇ ಬಸಯ್ಯಗ?" ಎಂದ ಅಮಾತೆಪ್ಪ.

"ನಾ ಯಾಕ ಹೇಳ್ಲಿ? ನನ್ನ ಬಾಯಾಗ ಇದನ್ನ ಇಟಗೊಂಡು ನಿನಗೇನ ಬುದ್ಧಿ ಹೇಳ್ಲಿ? ಎಷ್ಟ ಸಲ ಬಿಟ್ಟೆ, ಎಷ್ಟ ಸಲ ಹಿಡದೆ ಇದನ್ನ. ಆಗಲಿಲ್ಲ ನನ್ನ ಕಡಿಂದ."

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಒಂದ ಮಾತು. ಯಾರಿಗೆ ಬೇಕಾದ್ರೂ ಸುಳ್ಳು ಹೇಳು, ನನಗ ಹೇಳಬ್ಯಾಡ. ಸೇದಿದ ದಿನ ಸೇದೇನಿ ಅನ್ನು. ನಾ ಏನೂ ಅನ್ನಂಗಿಲ್ಲ. ಒಬ್ಬರ ಮುಂದರ ಖರೆ ಇರು ತಮ್ಮಾ, ಇಲ್ಲಾಂದ್ರ ಭಾಳ ದಣೀತಿ."

ಅವಳು ಲಡಿ ಎತ್ತಿಕೊಂಡು ಹೋದಳು. ಅಮಾತೆಪ್ಪ ಅಲ್ಲೇ ಕೂತ. ಬೀಡಿ ತಾನಾಗಿ ಆರಿತು. ಡಾಕ್ಟರರ ಮಾತಿಗೆ ಅವನು ಹೆದರಿದ್ದ, ಬಸಯ್ಯನ ಕಟ್ಟಿಗೆ ನಾಚಿದ್ದ, ಆದರೆ ಬಿಡಬೇಕೆಂದು ತಾನಾಗಿ ಅಂದುಕೊಂಡಿರಲಿಲ್ಲ. ಈಗ ಅಂದುಕೊಂಡ. ಅದರಲ್ಲಿ ಹುರುಪೇನೂ ಇರಲಿಲ್ಲ. ದೂರದ ಹಾದಿ ನಡೆದವನು ಹೊರೆ ಇಳಿಸಲು ಒಂದು ಕಲ್ಲು ಹುಡುಕಿದ ಹಾಗೆ, ಸಾಕು ಎಂದುಕೊಂಡ.

ಮರುದಿನ ಬಸಯ್ಯ ಕಿಸೆ ಮುಟ್ಟಲು ಬಂದಾಗ ಅವನ ಕೈ ಹಿಡಿದ. "ಕಿಸೇದಾಗ ಇಲ್ಲರಿ ಅಜ್ಜಾರ. ಬಣ್ಣದ ಮನಿ ಹಿಂದ ಅದಾವು. ದಿನಾ ಕದ್ದು ಸೇದೇನಿ ನಾ."

ಬಸಯ್ಯನ ಮುಖ ಕೆಂಪಾಯಿತು. ಏನೋ ಬಿರುಸಾಗಿ ಅನ್ನಲು ಹೋದವನು ಅಮಾತೆಪ್ಪನ ಕಣ್ಣ ಕೆಳಗಿನ ಕಪ್ಪು ನೋಡಿ ತಡೆದ. ತನ್ನ ಮಗ್ಗಕ್ಕೆ ಹೋಗಿ ಕೂತ. ನೇಯುತ್ತಲೇ, ಯಾರ ಕಡೆಗೂ ನೋಡದೆ ಹೇಳಿದ: "ಕಿಸೆ ಮುಟ್ಟಬಾರದಿತ್ತು ನಾ. ಕಳ್ಳನ್ನ ನೋಡಿದಂಗ ನೋಡಿದೆ. ಇನ್ನ ಮುಟ್ಟಂಗಿಲ್ಲ. ಮತ್ತ ಏನ ಮಾಡ್ಲೆಪಾ? ನೀನ ಹೇಳು."

"ಸೇದೂ ಆಸೆ ಬಂದಾಗ ಮಾತಾಡಸ್ರಿ" ಎಂದ ಅಮಾತೆಪ್ಪ. "ಬಂತು ಅಂತೇನಿ. ಒಂದೀಟು ಹೊತ್ತು ಮಾತಾಡಸ್ರಿ, ಸಾಕು."

ಹೀಗೆ ಶುರುವಾಯಿತು. ನೇಯುತ್ತ ನೇಯುತ್ತ ಕೈ ನಿಲ್ಲಿಸಿ ಅಮಾತೆಪ್ಪ "ಬಂತು" ಎನ್ನುವನು. ಹತ್ತಿರವಿದ್ದವರು ಏನಾದರೂ ಹೇಳಬೇಕು. ಏನು ಹೇಳಬೇಕೆಂದು ಮೊದಮೊದಲು ಯಾರಿಗೂ ಹೊಳೆಯುತ್ತಿರಲಿಲ್ಲ. ಒಬ್ಬ ತನ್ನ ಎಮ್ಮೆ ಈದ ಕತೆಯನ್ನೇ ವಾರಗಟ್ಟಲೆ ಹೇಳಿದ. ಗೊಣಗಿದ್ದ ಮನುಷ್ಯನೇ ಹುರಿಗಡಲೆ ಬೆಲ್ಲ ತಂದು ಕಿಟಕಿಯಲ್ಲಿ ಇಟ್ಟ. ಬಸಯ್ಯನಿಗೆ ಹರಟೆ ಬಾರದು. ಅವನು ಕೂಡಲಸಂಗಮಕ್ಕೆ ತಾನು ನಡೆದುಹೋದ ಹಾದಿಯನ್ನು, ಎಲ್ಲೆಲ್ಲಿ ನೀರು ಸಿಕ್ಕಿತು, ಯಾವ ಊರಲ್ಲಿ ಯಾರು ಅಂಬಲಿ ಕೊಟ್ಟರು ಎಂದು ವರದಿಯಂತೆ ಒಪ್ಪಿಸುತ್ತಿದ್ದ. ಆಸೆ ತಣಿಯದಿದ್ದರೂ ಕೇಳಿ ಕೇಳಿ ಬೇಸರವಾಗಿ ಅಮಾತೆಪ್ಪ ಮತ್ತೆ ಲಾಳಿ ಹಿಡಿಯುತ್ತಿದ್ದ. ಆಸೆ ಬೇಸರಕ್ಕೆ ಸೋಲುತ್ತಿತ್ತು.

ಆದರೆ ಆ ದಿನಗಳಲ್ಲೇ ಅಹ್ಮದಸಾಬನ ಮಗ್ಗ ಖಾಲಿಯಾಯಿತು. ಅವನು ಜೊತೆಗೆ ಬಿಡುತ್ತೇನೆಂದದ್ದು ವಾರವೂ ನಡೆದಿರಲಿಲ್ಲ. ರಸ್ತೆಯ ಆಚೆ ಹೋಗಿ ಸೇದಿ, ತಲೆ ತಗ್ಗಿಸಿ ಬಂದು ಕೂಡುತ್ತಿದ್ದ. ಒಂದು ಸೋಮವಾರ ಬರಲೇ ಇಲ್ಲ. ಹುನಗುಂದದ ರಸ್ತೆಯಲ್ಲಿ ಬೇರೊಬ್ಬರ ಶೆಡ್ಡಿಗೆ ಸೇರಿದ್ದಾನೆಂದು ತಿಳಿಯಿತು. ಮುಖ ಕಂಡು ಒಂದು ಮಾತೂ ಹೇಳಿರಲಿಲ್ಲ. ಅಮಾತೆಪ್ಪ ಹೊರಗೆ ಏನೂ ತೋರಿಸಲಿಲ್ಲ. ಆದರೆ ಬೀಡಿ ಹೋದಾಗ ಆಗದಿದ್ದ ಖಾಲಿ ಈಗ ಆಯಿತು. ಇಷ್ಟು ವರ್ಷ ತನ್ನ ಪಕ್ಕದಲ್ಲಿ ಕೂತಿದ್ದದ್ದು ಮನುಷ್ಯನೋ ಬರೇ ಹೊಗೆಯೋ ಎಂದು ಅವನಿಗೆ ಅನುಮಾನ ಬಂತು.

ನಿಜ ಗೊತ್ತಾದದ್ದು ಹೆಂಗಸರಿಂದ. ನಳದ ಹತ್ತಿರ ಗುರುಲಿಂಗವ್ವ ಅಹ್ಮದಸಾಬನ ಹೆಂಡತಿ ಜುಲೇಖಾಳನ್ನು ತರುಬಿ, "ಏನವ್ವಾ, ನಮ್ಮನ್ನ ಬಿಟ್ಟ ಹೋದ್ರಲ್ಲ ನಿಮ್ಮವರು?" ಎಂದು ಚುಚ್ಚಿ ಕೇಳಿದ್ದಳು. ಜುಲೇಖಾಳ ಕಣ್ಣಲ್ಲಿ ನೀರು ಬಂತಂತೆ.

"ಅಕ್ಕಾ, ಅವರು ಹೇಳಬ್ಯಾಡ ಅಂದಾರ. ಅಮಾತೆಪ್ಪನ ಪಕ್ಕ ಕುಂತ್ರ ನನ್ನ ಕೈ ತಾನ ಕಿಸೆಕ್ಕ ಹೋಗ್ತೈತಿ, ಅವನ ಕೈ ತಾನ ನನ್ನ ಕಡಿ ಬರ್ತೈತಿ, ನಾ ಅಲ್ಲಿದ್ರ ಅವ ಬಿಡಂಗಿಲ್ಲ ಅಂದ್ರು. ಹೋದ ದಿನ ಉಣ್ಣಲಿಲ್ಲ ಮನ್ಯಾಗ."

ಗುರುಲಿಂಗವ್ವ ಬಂದು ಹೇಳಿದಾಗ ಅಮಾತೆಪ್ಪ ಹೂಂ ಎಂದು ಗೋಡೆಯ ಕಡೆ ಹೊರಳಿ ಮಲಗಿದ.

ಆಮೇಲಿನದು ಹೇಳಲು ಹೆಚ್ಚಿಲ್ಲದ ಕಾಲ. ಒಂದು ಬೇಸಿಗೆ, ಒಂದು ಮಳೆಗಾಲ. ದಿನವೂ "ಬಂತು" ಎನ್ನುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕಮತಗಿಯಲ್ಲಿದ್ದ ಅವನ ಅಣ್ಣ ತೀರಿಕೊಂಡಾಗ, ಮಣ್ಣು ಮಾಡಿ ಬಂದು ಕೂತವರು ಬೀಡಿ ಕೊಟ್ಟರು. ಅವನು ಸೇದಿದ. ಇಳಕಲ್ಲಿಗೆ ಬಂದು ಮಗ್ಗಕ್ಕೆ ಇಳಿಯುವ ಮೊದಲು ನಿಂತು, "ಮೊನ್ನೆ ಸೇದಿದೆ" ಎಂದು ಹೇಳಿದ.

ಬಸಯ್ಯ ತಲೆ ಎತ್ತಿದ. "ಇವತ್ತು?"

"ಇವತ್ತಿಲ್ಲ."

"ಹಂಗಾರ ಕುಂದ್ರು. ಹಾಸು ನಿನ್ನ ಹಾದಿ ಕಾಯಾಕತ್ತೈತಿ."

ಸಿದ್ದವ್ವ ಏನೂ ಅನ್ನದೆ ತುಂಬಿದ ಕಂಡಿಕಿಗಳನ್ನು ಅವನ ಮುಂದಿಟ್ಟಳು.

ಎದೆ ಹೊಸದಾಗಲಿಲ್ಲ. ಕೆಮ್ಮು ಮೆತ್ತಗಾಯಿತು, ಮಗ್ಗದ ಮೇಲೆ ಬೀಳುವಂಥದ್ದು ಮತ್ತೆ ಬರಲಿಲ್ಲ. ಆದರೆ ನೀರಿನ ಕೊಡ ಎತ್ತಿದರೆ ಏದುಸಿರು. ಅಗಲ ಸೆರಗಿನ ಕೆಲಸ ಬಿಟ್ಟು ಹಗುರ ಸೀರೆಗಳನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಬೀಡಿ ಬಿಟ್ಟರೆ ಹೊಸ ಜೀವ ಬರುತ್ತದೆಂದು ಯಾರೋ ಹೇಳಿದ್ದರು. ಬಂದದ್ದು ಹಳೆಯ ಜೀವವೇ, ಸ್ವಲ್ಪ ದಿನ ಹೆಚ್ಚಿಗೆ.

ಎಂಬತ್ತರ ಸುಮಾರಿಗೆ ಒಂದು ದಿನ, ಕೆಲಸ ಮುಗಿಸಿ ಅವನು ಹುನಗುಂದದ ರಸ್ತೆಯ ಶೆಡ್ಡಿಗೆ ನಡೆದ. ದೂರವೇನಲ್ಲ, ಆದರೂ ನಡುವೆ ಎರಡು ಸಲ ಕೂತು ಹೋಗಬೇಕಾಯಿತು. ಅಹ್ಮದಸಾಬ ಹೊರಗೇ ಇದ್ದ. ಇವನನ್ನು ಕಂಡವನೇ ಬೀಡಿಯನ್ನು ಬೆನ್ನ ಹಿಂದೆ ಹಿಡಿದ.

"ಸೇದಲೇ, ಮುಗಸು" ಎಂದ ಅಮಾತೆಪ್ಪ, ಅಷ್ಟು ದೂರದಲ್ಲೇ ಕಲ್ಲಿನ ಮೇಲೆ ಕೂತು.

ಅಹ್ಮದಸಾಬ ಅದನ್ನು ಕಾಲಡಿ ಹೊಸಕಿ ಬಂದ. "ಆರಾಮದಿ?"

"ಅದೀನಿ. ಜುಲೇಖಾ ಹೇಳ್ಯಾಳ ಎಲ್ಲಾ."

"ಬಾಯಿ ನಿಲ್ಲಂಗಿಲ್ಲ ಅಕೀದು."

"ನಿನ್ನ ಮಗ್ಗಕ್ಕ ಯಾವನ್ನೋ ಕುಂದ್ರಿಸಿದ್ರು. ಅಂವ ದಿನಾ ಸಿನಿಮಾ ಹಾಡು ಹಾಡ್ತಿದ್ದ. ಈಗ ಬಿಟ್ಟ ಹೋದ. ಸಾವಕಾರಗ ಕೇಳೇನಿ. ಬಾ."

ಅಹ್ಮದಸಾಬ ತನ್ನ ಕೈಗಳನ್ನು ನೋಡಿಕೊಂಡ. "ನಾ ಬಿಟ್ಟಿಲ್ಲಲೇ. ಬಿಡಾಕ ಆಗವಲ್ದು. ನಿನಗ ಮತ್ತ ಕೆಡಿಸಿದ್ರ?"

"ನೀ ಹೊರಗ ಹೋದಾಗ ನಾ ಒಳಗ ಇರ್ತೇನಿ. ಬಂದ್ರ ಬಂತು ಅಂತೇನಿ, ಬಸಯ್ಯ ಸಂಗಮದ ಹಾದಿ ಹೇಳ್ತಾನ. ಆ ಹಾದಿ ಕೇಳಿ ಕೇಳಿ ನನಗ ಸಾಕಾಗೈತಿ, ನೀನೂ ಒಂದೀಟು ಕೇಳು ಬಾ."

ಅಹ್ಮದಸಾಬ ನಗಲು ಹೋಗಿ ಮುಖ ಆಚೆ ತಿರುಗಿಸಿದ. "ಮುಂದಿನ ಸೀರಿ ಇಳಿಸಿ ಬರ್ತೇನಿ" ಎಂದ.

ಬಂದ. ಹಳೆಯ ಮಗ್ಗದಲ್ಲೇ ಕೂತ. ಬೀಡಿಯ ಹೊತ್ತಿಗೆ ಅವನು ರಸ್ತೆ ದಾಟಿ ಹೋಗುತ್ತಿದ್ದ, ಬರುವಾಗ ಬಾಯಿ ತೊಳೆದುಕೊಂಡು ಶುಂಠಿ ಅಗಿಯುತ್ತ ಬರುತ್ತಿದ್ದ. ಮೊದಮೊದಲು ಇಬ್ಬರೂ ಒಬ್ಬರ ಮುಂದೊಬ್ಬರು ಕೈ ಎಲ್ಲಿಡಬೇಕೆಂದು ತಿಳಿಯದೆ ಮುಜುಗರ ಪಟ್ಟರು. ಬೇವಿನ ಮರದ ಕೆಳಗೆ ಬರಿಗೈಯಲ್ಲಿ ಕೂತರೆ ಮಾತಾಡಲೇಬೇಕಲ್ಲ. ಹಾಗೆ ಅವರು ಅಷ್ಟು ವರ್ಷಗಳ ಮೇಲೆ ಮಾತಾಡತೊಡಗಿದರು. ಅಹ್ಮದಸಾಬನಿಗೆ ಒಬ್ಬ ತಂಗಿ ಇದ್ದು ಚಿಕ್ಕಂದಿನಲ್ಲೇ ಹೋದಳೆಂಬುದು ಅಮಾತೆಪ್ಪನಿಗೆ ಗೊತ್ತಾದದ್ದು ಆಗ.

ಎಂಬತ್ತಮೂರರಲ್ಲಿ ಶಿವಬಸವ್ವನ ಮಗುವಿನ ಜವಳಕ್ಕೆಂದು ಎರಡೂ ಮನೆಯವರು ಬಾದಾಮಿಗೆ ಹೋದರು. ಊಟವಾದ ಮೇಲೆ ಹೆಂಗಸರು ಮಕ್ಕಳು ಮೇಣಬಸದಿಯ ಗುಹೆಗಳನ್ನು ನೋಡಲು ಗುಡ್ಡ ಹತ್ತಿದರು. ಅಮಾತೆಪ್ಪ ನಾಲ್ಕು ಮೆಟ್ಟಿಲು ಏರಿ, ಸೊಂಟಕ್ಕೆ ಕೈ ಕೊಟ್ಟು ನಿಂತು, ಇಳಿದು ಬಂದ. ಹತ್ತಬಲ್ಲ ಅಹ್ಮದಸಾಬನೂ ಇಳಿದ. ಇಬ್ಬರೂ ಕೆರೆಯ ದಂಡೆಗೆ ಬಂದು ನೆರಳಲ್ಲಿ ಕೂತರು. ಎದುರಿನ ಕೆಂಪು ಬಂಡೆಗಳ ಮೇಲೆ ಕೋತಿಗಳು ಓಡಾಡುತ್ತಿದ್ದವು. ಯಾರೋ ಅರಿವೆ ಒಗೆಯುವ ಸದ್ದು ಬಂಡೆಗೆ ಬಡಿದು ತಡವಾಗಿ ಮರಳಿ ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಹ್ಮದಸಾಬ ಕೂತಲ್ಲಿ ಮಿಸುಕಾಡಿದ. "ಬಂದೆ ತಡಿ" ಎಂದು ಎದ್ದು ಗೋಡೆಯ ಆಚೆ ಹೋದ. ಅಮಾತೆಪ್ಪ ನೀರು ನೋಡುತ್ತ ಕೂತ. ಅವನಿಗೂ ಬಂತು, ಹಿಂದಿನಂತೆ ಗಂಟಲು ಹಿಡಿಯುವ ಹಾಗಲ್ಲ, ಹಳೆಯ ಪರಿಚಯದವರು ದೂರದಿಂದ ಕೂಗಿದ ಹಾಗೆ. ಅದು ಹೋಗುವವರೆಗೆ ಕಾದ.

ಅಹ್ಮದಸಾಬ ಬಾಯಿ ತೊಳೆದುಕೊಂಡು ಬಂದ. ನೆರಳು ಅಷ್ಟರಲ್ಲಿ ಸರಿದಿತ್ತು. ಅಮಾತೆಪ್ಪ ಆಚೆ ಸರಿದು ಜಾಗ ಮಾಡಿದ. ಅಹ್ಮದಸಾಬ ಕೂತ. ಮೇಲಿನಿಂದ ಹೆಂಗಸರು ಕೈ ಬೀಸಿ ಕರೆಯುವುದು ಕಾಣುತ್ತಿತ್ತು. ಇಬ್ಬರೂ ಕೈ ಎತ್ತಿ, ನಾವು ಇಲ್ಲೇ ಇದ್ದೇವೆ, ನೀವು ನೋಡಿ ಬನ್ನಿ ಎಂದು ಸನ್ನೆ ಮಾಡಿದರು.